ಅಪ್ಪನ ಕ್ಯಾಡಿಲಾಕ್ ಯಾವ ತಟ್ಟೆಗೆ

ಫೆಬ್ರವರಿ 9, 2025

ಅಪ್ಪನ ವರ್ಷದ ತಿಥಿ ಮುಗಿಯಿತು. ಊಟದ ಎಲೆ ಎತ್ತುವುದಕ್ಕೂ ಬಿಡದೆ ಆವಲಪ್ಪ ಮಾವ ಭಾಗದ ಮಾತು ತೆಗೆದರು. ಅಮ್ಮನ ಅಣ್ಣ ಅವರು, ಊರಿನ ನ್ಯಾಯಕ್ಕೆಲ್ಲ ಅವರೇ ಮುಂದೆ. ಅಣ್ಣತಮ್ಮಂದಿರು ಚೆನ್ನಾಗಿರುವಾಗಲೇ ಬೇರೆಯಾಗಿಬಿಡಿ, ಮಾವಿನ ಫಸಲು ಇಳಿಯುವುದಕ್ಕೆ ಮೊದಲೇ ಮುಗಿಸಿಕೊಳ್ಳಿ ಎಂದರು. ನಮ್ಮ ಊರಿನ ಪದ್ಧತಿಯಂತೆ ದೊಡ್ಡವನು ಭಾಗ ಮಾಡಬೇಕು, ಚಿಕ್ಕವನು ಆರಿಸಿಕೊಳ್ಳಬೇಕು. ಮುನೇಶ್ವರನ ಗುಡಿಯ ಕಟ್ಟೆಯ ಮೇಲೆ ಎಲೆ ಅಡಿಕೆಯ ಎರಡು ತಟ್ಟೆ ಇಡುತ್ತಾರೆ. ಯಾವ ತಟ್ಟೆಗೆ ಏನೇನು ಸೇರಿದೆ ಎಂದು ನಾನು ಹೇಳಬೇಕು. ತಮ್ಮ ವೆಂಕಟ್ ಒಂದನ್ನು ಎತ್ತಿಕೊಳ್ಳುತ್ತಾನೆ, ಉಳಿದದ್ದು ನನ್ನದು. ಎತ್ತಿದ ಮೇಲೆ ಮಾತಿಲ್ಲ.

ನನಗೇನು, ಇದು ದಿನದ ಕೆಲಸ. ಸರ್ವೇಯರ್ ಆಗಿ ಕಂಡವರ ಜಮೀನೆಲ್ಲ ಅಳೆದು ಕಲ್ಲು ನೆಡಿಸಿದವನು ನಾನು. ಗೇಣು ಜಾಗಕ್ಕೆ ಕುಡುಗೋಲು ಹಿಡಿದು ಬರುವ ಮುಖಗಳನ್ನು ನೋಡಿ ನೋಡಿ ಸಾಕಾಗಿದೆ. ನಮ್ಮದು ಎಷ್ಟು ಮಹಾ? ಬೋರ್‌ವೆಲ್ ಇರುವ ರೇಷ್ಮೆ ತೋಟ, ಗೌನಿಪಲ್ಲಿ ರಸ್ತೆಯ ಮಾವಿನ ತೋಪು, ಒಂದು ರಾಗಿ ಹೊಲ. ಎಲ್ಲವನ್ನೂ ಇಷ್ಟು ವರ್ಷ ನೋಡಿಕೊಂಡವನು ವೆಂಕಟ್. ನಾನು, ನನ್ನ ಹೆಂಡತಿ ಸರಳಾ ಶ್ರೀನಿವಾಸಪುರದಲ್ಲಿ ಬಾಡಿಗೆ ಮನೆ ಹಿಡಿದು ಸಂಬಳದಲ್ಲಿ ಬದುಕಿದವರು. ಊರಿನ ಮನೆ ಅಮ್ಮನದು, ಅದು ಭಾಗಕ್ಕೆ ಬರುವುದಿಲ್ಲ.

ಉಳಿದದ್ದು ಶೆಡ್ಡಿನಲ್ಲಿರುವ ಅಪ್ಪನ ಕಾರು. ಎಪ್ಪತ್ತೈದನೇ ಇಸವಿಯ ಅಮೆರಿಕದ ಕ್ಯಾಡಿಲಾಕ್. ಮದ್ರಾಸಿನಲ್ಲಿ ಯಾವುದೋ ವಿದೇಶಿ ಕಚೇರಿಯಿಂದ ಹರಾಜಾಗಿ, ಸಿನಿಮಾದವರ ಮನೆ ಸುತ್ತಿ, ಮಾವು ಕೈಹಿಡಿದ ಒಂದು ವರ್ಷ ಅಪ್ಪನ ಪಾಲಿಗೆ ಬಂತು. ಲೀಟರಿಗೆ ನಾಲ್ಕು ಕಿಲೋಮೀಟರ್ ಓಡಿದರೆ ಅದೇ ಪುಣ್ಯ. ಗುಜರಿಗೆ ಹಾಕೋಣ ಎಂದೆ. ಅಮ್ಮ ಉರಿದುಬಿದ್ದಳು. "ಏಮಿರಾ ಶಿವ, ನಿಮ್ಮಪ್ಪನ ಬಂಡೀನ ಗುಜರಿಗೆ ಹಾಕ್ತೀಯಾ? ನನ್ನೂ ಅದ್ರಲ್ಲೇ ಕೂರಿಸಿ ಕಳ್ಸು."

ಸರಿ, ಯಾವುದಾದರೂ ಒಂದು ತಟ್ಟೆಗೆ ಸೇರಿಸಿದರಾಯಿತು. ಯಾರ ತಲೆಗೆ ಕಟ್ಟಿದರೂ ನನಗೆ ಒಂದೇ.

ಫೆಬ್ರವರಿ 16

ಊರಿಗೆ ಹೋಗಿ ಎಲ್ಲವನ್ನೂ ಅಳೆದೆ. ಕಾರನ್ನೂ ಅಳೆದೆ. ಟೇಪು ಹಿಡಿದು ಕಾರು ಅಳೆಯುವವರನ್ನು ಎಲ್ಲಿಯೂ ನೋಡಿಲ್ಲ ಎಂದು ಸರಳಾ ನಕ್ಕಳು. ಭಾಗಕ್ಕೆ ಬರುವ ವಸ್ತು ಎಂದ ಮೇಲೆ ಅಳತೆ ಬೇಡವೇ? ಹತ್ತೊಂಬತ್ತೂವರೆ ಅಡಿ ಉದ್ದ. ನಮ್ಮ ಬಾಡಿಗೆ ಮನೆಯ ಹಾಲಿನಲ್ಲಿ ನಿಲ್ಲಿಸಿದರೆ ಮೂತಿ ಬೀದಿಗೆ ಬರುತ್ತದೆ.

ಟಾರ್ಪಾಲು ಎಳೆದಾಗ ಧೂಳು ಏಳಲಿಲ್ಲ. ಅದೇ ಬೆಣ್ಣೆ ಬಣ್ಣ, ಕಿಟಕಿ ಪಕ್ಕದ ಪುಟ್ಟ ದೀಪಗಳು, ಬಾನೆಟ್ಟಿನ ತುದಿಯಲ್ಲಿ ನಿಂತ ಬೆಳ್ಳಿ ಬಣ್ಣದ ಗುರುತು. ಒಳಗಿನ ಹೊಲಿಗೆ ಹೇಗಿದೆ ನೋಡೋಣ ಎಂದು ಕೂತೆ. ಸೀಟು ನನ್ನನ್ನು ಮೆಲ್ಲಗೆ ಒಳಗೆ ತೆಗೆದುಕೊಂಡಿತು. ಬಾಗಿಲು ಎಳೆದೆ. ಈಗಿನ ಕಾರುಗಳ ಹಾಗೆ ತಗಡಿನ ಸದ್ದಲ್ಲ, ಮೆತ್ತಗೆ ಧಪ್ಪೆಂದು ಮುಚ್ಚಿಕೊಂಡಿತು. ಆಮೇಲೆ ಹೊರಗಿನದು ಏನೂ ಕೇಳಲಿಲ್ಲ. ವೆಂಕಟನ ಹೆಂಡತಿ ಸುನಂದ ಎಮ್ಮೆಗೆ ಬೈಯುತ್ತಿದ್ದಳು, ಬಾಯಿ ಆಡುವುದು ಮಾತ್ರ ಕಾಣುತ್ತಿತ್ತು. ಬೆಳಗಾದರೆ ಊರವರ ಜಗಳ ಕೇಳುವ ನನ್ನ ಕಿವಿಗೆ ಆ ಮೌನ ಎಷ್ಟು ಹಿತವಾಗಿತ್ತು ಎಂದರೆ, ಊಟಕ್ಕೆ ಕರೆಯಲು ಬಂದ ಸರಳಾ ಗಾಜು ಬಡಿಯಬೇಕಾಯಿತು.

ಸದ್ಯಕ್ಕೆ ಹೀಗೆ ಯೋಚಿಸಿದ್ದೇನೆ. ಒಂದು ತಟ್ಟೆಗೆ ರೇಷ್ಮೆ ತೋಟ, ಬೋರ್‌ವೆಲ್. ಇನ್ನೊಂದಕ್ಕೆ ಮಾವಿನ ತೋಪು, ರಾಗಿ ಹೊಲ, ಕಾರು. ತೂಕ ಸಮ. ಯಾರೂ ಬೆರಳು ತೋರಿಸುವಂತಿಲ್ಲ.

ಫೆಬ್ರವರಿ 27

ದೇವರಾಯಸಮುದ್ರದ ಕೆರೆ ಪಕ್ಕ ಅಳತೆಗೆ ಹೋಗಿದ್ದೆ. ಅಣ್ಣತಮ್ಮಂದಿರಿಬ್ಬರು ತಾಯಿ ನೋಡುತ್ತಿದ್ದಂತೆಯೇ ಒಂದು ಬೇವಿನ ಮರಕ್ಕೆ ಕೊರಳಪಟ್ಟಿ ಹಿಡಿದುಕೊಂಡರು. ಒಂದು ಮರಕ್ಕೆ ಹೆತ್ತವಳ ಎದುರು ಹೀಗಾ ಎಂದು ಇಬ್ಬರಿಗೂ ಸರಿಯಾಗಿ ಝಾಡಿಸಿದೆ. ತಲೆ ತಗ್ಗಿಸಿ ನಿಂತರು.

ವಾಪಸು ಬರುವಾಗ ದಾರಿ ಸುತ್ತಾದರೂ ಊರಿಗೆ ಹೋದೆ. ಶೆಡ್ಡಿನಿಂದ ಇಂಜಿನ್ ಸದ್ದು ಬರುತ್ತಿತ್ತು. ನೋಡಿದರೆ ವೆಂಕಟ್ ಒಳಗೆ ಕೂತಿದ್ದಾನೆ, ಕಣ್ಣು ಮುಚ್ಚಿಕೊಂಡು. ಮೈಯೆಲ್ಲ ಉರಿದುಹೋಯಿತು. ಯಾರನ್ನು ಕೇಳಿ ಸ್ಟಾರ್ಟ್ ಮಾಡಿದೆ ಎಂದೆ. ಅವನು ಪೆಚ್ಚಾಗಿ, ಬ್ಯಾಟರಿ ಕೂತುಬಿಡುತ್ತದೆ ಅಣ್ಣ, ಅಪ್ಪ ಇದ್ದಾಗಿನಿಂದಲೂ ವಾರಕ್ಕೊಂದು ಸಲ ನಾನೇ ಅಲ್ಲವೇ ಮಾಡುವುದು ಎಂದ. ಹೌದಂತೆ, ಅಮ್ಮನೂ ಹೇಳಿದಳು. ಇರಬಹುದು. ಕಣ್ಣು ಮುಚ್ಚಿಕೊಂಡು ಕೂರುವುದಕ್ಕೂ ಬ್ಯಾಟರಿಗೂ ಏನು ಸಂಬಂಧ?

ಯೋಚಿಸಿದರೆ, ಹೊಲವನ್ನು ಕಾರಿನ ಜೊತೆ ಇಡುವುದು ಸರಿಯಲ್ಲ ಅನಿಸುತ್ತದೆ. ಅದು ರೇಷ್ಮೆ ತೋಟಕ್ಕೆ ಅಂಟಿಕೊಂಡೇ ಇದೆ. ಆ ತಟ್ಟೆಗೆ ಸೇರಿಸಿದೆ. ಸರ್ವೇಯರ್ ಆಗಿ ಹೇಳುವುದಾದರೆ ಅದೇ ನ್ಯಾಯ.

ಮಾರ್ಚ್ 9

ಇಂದು ಓಡಿಸಿದೆ.

ಬೆಲೆ ಕಟ್ಟಬೇಕಾದರೆ ಗಾಡಿ ಓಡುತ್ತದೋ ಇಲ್ಲವೋ ನೋಡಬೇಕಲ್ಲ, ಅದಕ್ಕೇ ತೆಗೆದದ್ದು. ಎಡಗಡೆ ಸ್ಟೀರಿಂಗು, ಗೇರು ಸ್ಟೀರಿಂಗಿನ ಕುತ್ತಿಗೆಗೇ ಇದೆ, ಕ್ಲಚ್ಚಿಲ್ಲ. ಹಿಂದೆ ಅಪ್ಪನ ಪಕ್ಕದಲ್ಲಿ ಕೂತು ಒಂದೆರಡು ಸಲ ಓಡಿಸಿದ್ದರೂ ಶೆಡ್ಡು ದಾಟುವವರೆಗೆ ಜೀವ ಕೈಯಲ್ಲಿತ್ತು. ಗೌನಿಪಲ್ಲಿ ರಸ್ತೆಗೆ ಬಂದ ಮೇಲೆ ನೋಡಬೇಕಿತ್ತು! ಪೆಡಲಿಗೆ ಕಾಲು ಸೋಕಿಸಿದರೆ ಸಾಕು, ಆ ಉದ್ದನೆಯ ಮೂತಿ ಸ್ವಲ್ಪ ಎದ್ದು, ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ. ಗುಂಡಿಗಳೆಲ್ಲ ಎಲ್ಲಿ ಹೋದವೋ. ಹಂಪು ಬಂತು ಎಂದು ನಾನು ಹಲ್ಲು ಕಚ್ಚಿದರೆ, ಗಾಡಿ ತೊಟ್ಟಿಲಿನಂತೆ ಒಮ್ಮೆ ತೂಗಿ ಸುಮ್ಮನಾಯಿತು. ಇಷ್ಟು ವರ್ಷ ಇದೇ ರಸ್ತೆಯಲ್ಲಿ ಬೈಕು ಓಡಿಸಿ ಸೊಂಟ ಕಳೆದುಕೊಂಡವನು ನಾನು.

ಎರಡೂ ಕಡೆ ತೋಪುಗಳಲ್ಲಿ ಮಿಡಿ ಕಟ್ಟಿದೆ. ಔಷಧಿ ಹೊಡೆಯುತ್ತಿದ್ದವರು ಪೈಪು ಬಿಟ್ಟು ರಸ್ತೆಗೆ ಬಂದು ನಿಂತರು. ಗೌನಿಪಲ್ಲಿಯ ಟೀ ಅಂಗಡಿ ಮುಂದೆ ಯಾರೋ ಫೋನಿನಲ್ಲಿ ವಿಡಿಯೋ ತೆಗೆದರು. ಮುನಿಶಾಮಿಯ ಬಂಡಿ ಅಲ್ಲವೇನಪ್ಪಾ ಎಂದು ಒಬ್ಬ ಮುದುಕ ಅಪ್ಪನ ಹೆಸರು ಹಿಡಿದು ಬಾನೆಟ್ಟು ಸವರಿದ. ಹೌದು, ನಾನು ಅವರ ದೊಡ್ಡ ಮಗ ಎಂದೆ. ನನ್ನನ್ನು ಕಂಡರೆ ಜನ ಸಾಮಾನ್ಯವಾಗಿ ಲೇ ಸರ್ವೇಯರ್ ಬಂದ ಎಂದು ಮುಖ ತಿರುಗಿಸುವುದೇ ಹೆಚ್ಚು. ಇಂದು ಎಲ್ಲರೂ ನಗುತ್ತಿದ್ದರು.

ತಿರುಗಿ ಬಂದಾಗ ವೆಂಕಟ್ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ. ಹೇಗಿತ್ತು ಅಣ್ಣ ಎಂದ. ಪರವಾಗಿಲ್ಲ, ಹಳೇ ಗಾಡಿ ಅಲ್ಲವಾ ಎಂದೆ. ಅವನು ಬಟ್ಟೆ ತೆಗೆದುಕೊಂಡು ಚಕ್ರದ ಮಣ್ಣು ಒರೆಸಲು ಕೂತ.

ಮಾರ್ಚ್ 15

ತೋಪಿನ ಅರ್ಧವೂ ರೇಷ್ಮೆ ತೋಟದ ತಟ್ಟೆಗೆ. ಕಾರಿಗೂ ಒಂದು ಬೆಲೆ ಇದೆ, ಮರೆಯಬಾರದು.

ಮಾರ್ಚ್ 23

ಮನೆಯಲ್ಲಿ ದೊಡ್ಡ ಗಲಾಟೆ. ಭಾಗ ಎಲ್ಲಿಗೆ ಬಂತು ಎಂದು ಸರಳಾ ಕೇಳಿದಳು, ಹೇಳಿದೆ. ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು. ಆ ಕಡೆ ಬೋರ್‌ವೆಲ್, ರೇಷ್ಮೆ, ಹೊಲ, ಅರ್ಧ ತೋಪು. ಈ ಕಡೆ ಕಾರು ಮತ್ತು ಅರ್ಧ ತೋಪು. ಇದು ಯಾವ ಊರಿನ ಸಮಪಾಲು ಎಂದಳು. ವೆಂಕಟ್ ದುಡಿದವನು, ಅವನಿಗೆ ಅನ್ಯಾಯವಾಗಬಾರದು ಎಂದೆ.

"ಸುಮ್ನಿರ್ರೀ. ನಿಮಗೆ ಕಾರು ಬೇಕು, ಅವ್ರು ಅದನ್ನ ಎತ್ತಬಾರ್ದು ಅಂತ ಆ ಕಡೆ ತುಂಬ್ತಾ ಇದ್ದೀರಾ. ಬೇಕಿದ್ರೆ ಬಾಯ್ಬಿಟ್ಟು ಕೇಳಿ, ವೆಂಕಟ್ ಇಲ್ಲ ಅನ್ನಲ್ಲ. ಅದು ಬಿಟ್ಟು ಚೈತನ್ಯನ ಅನ್ನ ಯಾಕ್ರೀ ಬೇರೆ ತಟ್ಟೆಗೆ ಬಡಿಸ್ತೀರಾ?"

ಚೈತನ್ಯ ನಮ್ಮ ಒಬ್ಬಳೇ ಮಗಳು, ಕೋಲಾರದಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಅವಳ ಹೆಸರು ಎತ್ತಿದ್ದಕ್ಕೆ ನನಗೆ ತಡೆಯಲಾಗಲಿಲ್ಲ. ನನಗೆಲ್ಲಿ ಬೇಕು ಆ ಹಳೇ ಡಬ್ಬ ಎಂದು ಕೂಗಾಡಿದೆ, ಲೋಟ ಎಸೆದೆ. ಪಕ್ಕದ ಮನೆಯವರು ಬಾಗಿಲಿಗೆ ಬಂದರು. ಥೂ ನನ್ನ ಕರ್ಮ.

ಕೇಳಬೇಕಂತೆ. ದೊಡ್ಡವನು ಬಾಯಿಬಿಟ್ಟು ಕೇಳುವುದಾದರೆ ತಟ್ಟೆ ಯಾಕೆ, ಗುಡಿ ಯಾಕೆ? ಭಾಗ ಮಾಡುವವನು ಇದು ನನಗಿರಲಿ ಎಂದದ್ದನ್ನು ನಮ್ಮ ಊರು ಕಂಡಿಲ್ಲ. ಆವಲಪ್ಪ ಮಾವನ ಮುಂದೆ ಮುಖ ಎತ್ತುವುದು ಹೇಗೆ? ಅದೂ ಅಲ್ಲದೆ, ನಾನು ಕಾರು ಬೇಕು ಎಂದು ಎಲ್ಲಿ ಹೇಳಿದೆ?

ಮಾರ್ಚ್ 30

ಯುಗಾದಿ. ಊರಿಗೆ ಹೋಗಿ ಅಮ್ಮನಿಗೆ ನಮಸ್ಕಾರ ಮಾಡಿ ಬಂದೆವು. ಸರಳಾ ನನ್ನೊಡನೆ ಮಾತು ಬಿಟ್ಟಿದ್ದಾಳೆ. ವೆಂಕಟ್ ಕಾರಿಗೂ ಮಾವಿನೆಲೆ ತೋರಣ ಕಟ್ಟಿದ್ದ. ಅದನ್ನು ನೋಡಿದ ಮೇಲೆ ಒಬ್ಬಟ್ಟನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ಏಪ್ರಿಲ್ 5

ಚೆನ್ನೈನಿಂದ ಒಬ್ಬ ಬಂದಿದ್ದ, ಹಳೇ ಕಾರುಗಳನ್ನು ಕೊಂಡು ಸಾಕುವವನಂತೆ. ನಾನು ಅವತ್ತು ಓಡಿಸಿದಾಗ ಟೀ ಅಂಗಡಿ ಮುಂದೆ ತೆಗೆದ ವಿಡಿಯೋ ಅವನವರೆಗೂ ಹೋಗಿದೆ. ನನ್ನ ಕಾಲಿಗೆ ನಾನೇ ಕೊಡಲಿ ಹಾಕಿಕೊಂಡೆ. ವೆಂಕಟ್ ಫೋನು ಮಾಡಿ, ಅಣ್ಣ ಯಾರೋ ಬಂದಿದ್ದಾರೆ ಎಂದ ತಕ್ಷಣ ಕಚೇರಿಗೆ ಅರ್ಧ ದಿನ ರಜೆ ಹಾಕಿ ಓಡಿದೆ.

ಆ ಮನುಷ್ಯ ಕಾರಿನ ಕೆಳಗೆಲ್ಲ ತೂರಿ ನೋಡಿದ. ಇಂಥ ಸ್ಥಿತಿಯಲ್ಲಿರುವುದು ಈ ಕಡೆ ಇನ್ನೊಂದಿಲ್ಲ, ಯಾರು ಇಷ್ಟು ಜೋಪಾನ ಮಾಡಿದವರು ಎಂದು ಕೇಳಿದ. ವೆಂಕಟ್ ಟಾರ್ಪಾಲು ಮಡಿಸತೊಡಗಿದ. ಆಮೇಲೆ ಅವನನ್ನು ರಸ್ತೆಯವರೆಗೆ ಬಿಡಲು ಹೋಗಿ ಬಹಳ ಹೊತ್ತು ಮಾತಾಡುತ್ತಾ ನಿಂತ. ಫೋನ್ ನಂಬರು ತೆಗೆದುಕೊಂಡದ್ದನ್ನು ನಾನು ಕಣ್ಣಾರೆ ನೋಡಿದೆ.

ಅಲ್ಲಿಗೆ ಅವನು ಕಾರನ್ನೇ ಎತ್ತುತ್ತಾನೆ.

ಉಳಿದ ಅರ್ಧ ತೋಪನ್ನೂ ಆ ಕಡೆಗೆ ಹಾಕಿದ್ದೇನೆ. ಈಗ ಒಂದು ತಟ್ಟೆಯಲ್ಲಿ ಜಮೀನೆಲ್ಲ, ಇನ್ನೊಂದರಲ್ಲಿ ಕಾರು ಒಂದೇ. ಮಣ್ಣಿನಲ್ಲಿ ದುಡಿಯುವವನು, ತಲೆ ಸರಿಯಿದ್ದರೆ ಯಾವುದನ್ನು ಎತ್ತುತ್ತಾನೆ? ನಮಗೆ ಸಂಬಳ ಬರುತ್ತದೆ. ಚೈತನ್ಯ ಓದಿ ಕೆಲಸಕ್ಕೆ ಸೇರುತ್ತಾಳೆ. ಎಲ್ಲ ಯೋಚಿಸಿಯೇ ಮಾಡಿದ್ದೇನೆ. ಸರಳಾಗೆ ಹೇಳಿಲ್ಲ.

ಏಪ್ರಿಲ್ 12

ನಾಳೆ ಕಟ್ಟೆಯ ಮೇಲೆ ಭಾಗ.

ಏಪ್ರಿಲ್ 13

ಕಟ್ಟೆಯ ಸುತ್ತ ಊರಿಗೆ ಊರೇ ಸೇರಿತ್ತು. ಅಮ್ಮನಿಗೆ ಕುರ್ಚಿ ಹಾಕಿದ್ದರು. ಆವಲಪ್ಪ ಮಾವ ಎರಡು ತಟ್ಟೆ ಇಟ್ಟು, ಹೇಳಪ್ಪಾ ಶಿವಶಂಕರ ಎಂದರು. ನಾನು ಹೇಳಿದೆ. ಬಲಗಡೆ ತಟ್ಟೆಗೆ ತೋಟ, ತೋಪು, ಹೊಲ, ಬೋರ್‌ವೆಲ್. ಎಡಗಡೆ ತಟ್ಟೆಗೆ ಅಪ್ಪನ ಕಾರು. ಜನ ಗುಸುಗುಸು ಎಂದರು. ಇಷ್ಟೇನಾ ಎಂದು ಮಾವ ಇನ್ನೊಮ್ಮೆ ಕೇಳಿದರು. ಇಷ್ಟೇ ಎಂದೆ. ಸರಳಾ ಸೆರಗು ಬಾಯಿಗೆ ಒತ್ತಿಕೊಂಡಳು.

ವೆಂಕಟ್ ತಟ್ಟೆಗಳನ್ನು ನೋಡಲಿಲ್ಲ, ನನ್ನನ್ನು ನೋಡಿದ. ನಾನು ಗೋಪುರ ನೋಡುತ್ತಾ ನಿಂತೆ. ಜಮೀನು ಎತ್ತು, ಜಮೀನು ಎತ್ತು ಎಂದು ಒಳಗೇ ಬೇಡಿಕೊಳ್ಳುತ್ತಿದ್ದೆ, ಮುನೇಶ್ವರನಿಗೆ ಹರಕೆ ಹೊತ್ತೆ. ಅವನು ಸರಳಾ ಕಡೆ ಒಮ್ಮೆ ತಿರುಗಿದ. ಆಮೇಲೆ ಬಗ್ಗಿ ಎಡಗಡೆಯ ತಟ್ಟೆ ಎತ್ತಿ ಕಣ್ಣಿಗೊತ್ತಿಕೊಂಡ.

ಕಾರಿನ ತಟ್ಟೆ.

ಸುನಂದ ಅಲ್ಲೇ ಕುಸಿದು ಕೂತಳು. ಸರಳಾ ಗೊಳೋ ಎಂದು ಅತ್ತಳು, ಸಮಾಧಾನದ ಅಳು. ದೊಡ್ಡವನ ಅದೃಷ್ಟ ನೋಡ್ರಪ್ಪಾ ಎಂದು ಯಾರೋ ನನ್ನ ಬೆನ್ನು ತಟ್ಟಿದರು. ಇಡೀ ಊರು ನನ್ನನ್ನು ಹೊಟ್ಟೆಕಿಚ್ಚಿನಿಂದ ನೋಡುತ್ತಿತ್ತು. ನಾನು ಬಲಗಡೆಯ ತಟ್ಟೆ ಎತ್ತಿಕೊಂಡೆ.

ಏಪ್ರಿಲ್ 15

ಜ್ವರ ಎಂದು ಹೇಳಿ ರಜೆ ಹಾಕಿದೆ. ಜ್ವರವೇನೂ ಇಲ್ಲ.

ಏಪ್ರಿಲ್ 20

ವೆಂಕಟ್ ಶ್ರೀನಿವಾಸಪುರಕ್ಕೆ ಬಂದಿದ್ದ. ಸರಳಾ ಅವನಿಗೆ ಮುದ್ದೆ ಹುಳಿಸಾರು ಬಡಿಸಿದಳು, ಹಬ್ಬದ ದಿನವೂ ನನಗೆ ಅಷ್ಟು ಪ್ರೀತಿಯಿಂದ ಬಡಿಸಿರಲಿಲ್ಲ. ಊಟವಾದ ಮೇಲೆ ನನ್ನನ್ನು ಹೊರಗೆ ಕರೆದ.

"ಅಣ್ಣ, ನಿನ್ನ ಮನಸ್ಸು ನನಗೆ ಅವತ್ತೇ ಗೊತ್ತಾಯ್ತು. ನಮಗಾದ್ರೆ ಮಕ್ಕಳಿಲ್ಲ. ಚೈತನ್ಯಂಗೆ ಜಮೀನು ಉಳೀಲಿ ಅನ್ನೋ ಆಸೆ ನಿಂಗೆ, ಆದ್ರೆ ದೊಡ್ಡವನಾಗಿ ಹೇಗೆ ಕೇಳ್ತೀಯ? ನಂಗೆ ಕಾರಿನ ಹುಚ್ಚು ಅಂತ ಗೊತ್ತಿದ್ದೇ ನೀನು ಅದನ್ನ ಬೇರೆ ಇಟ್ಟೆ. ಅದಕ್ಕೇ ನಾನು ಯೋಚ್ನೆ ಮಾಡ್ಲಿಲ್ಲ. ಅವಳು ನಂಗೂ ಮಗಳಲ್ವಾ."

ಅವನು ಮುಂದುವರಿಸಿದ. ಕಾರು ಇಟ್ಟುಕೊಂಡು ಬದುಕಲಾಗುವುದಿಲ್ಲವಲ್ಲ, ಚೆನ್ನೈನವರಿಗೆ ಕೊಡುತ್ತೇನೆ, ಶನಿವಾರ ಬಂದು ತೆಗೆದುಕೊಂಡು ಹೋಗುತ್ತಾರೆ. ಬಂದ ದುಡ್ಡಿನಲ್ಲಿ ಸುನಂದಳ ತವರು ಕ್ಯಾಲನೂರಿನಲ್ಲಿ ಸ್ವಲ್ಪ ರೇಷ್ಮೆ ಜಮೀನು ಗುತ್ತಿಗೆಗೆ ಹಿಡಿಯುತ್ತಾನಂತೆ. ಹೇಳುವಾಗ ನಗುತ್ತಿದ್ದ. ಒಳ್ಳೆಯದು ಎಂದೆ. ಶನಿವಾರ ಎಂಬ ಮಾತು ಕಿವಿಯಲ್ಲಿ ಕೊರೆಯುತ್ತಿದೆ.

ಏಪ್ರಿಲ್ 26

ಬೆಳಿಗ್ಗೆ ನಾನೂ ಸರಳಾ ಊರಿಗೆ ಹೋಗುವಷ್ಟರಲ್ಲಿ ಕಾರು ಸಾಗಿಸುವ ಲಾರಿ ಬಂದು ನಿಂತಿತ್ತು, ಹಿಂದೆ ಹಲಗೆ ಇಳಿಸಿದ್ದರು. ಅಮ್ಮ ಕಾರಿಗೆ ಕುಂಕುಮ ಇಟ್ಟು ಒಳಗೆ ಹೋದಳು. ಕಾರನ್ನು ಲಾರಿಗೆ ಹತ್ತಿಸಬೇಕಿತ್ತು. ವೆಂಕಟ್ ಬೀಗದಕೈ ನನ್ನ ಕೈಗಿಟ್ಟು, ನೀನೇ ಹತ್ತಿಸು ಅಣ್ಣ, ನನ್ನ ಕೈಲಾಗಲ್ಲ ಎಂದ.

ಹತ್ತಿಸಿದೆ. ಒಂದು ಇಂಚು ಆ ಕಡೆ ಈ ಕಡೆ ಆಗದಂತೆ, ಅಪ್ಪ ನೋಡಿದ್ದರೆ ಭೇಷ್ ಅನ್ನುವ ಹಾಗೆ. ಇಂಜಿನ್ ಆರಿಸಿದೆ. ಲಾರಿಯವರು ಚಕ್ರಕ್ಕೆ ಪಟ್ಟಿ ಬಿಗಿದರು. ನಾನು ಸ್ಟೀರಿಂಗ್ ಹಿಡಿದುಕೊಂಡೇ ಕೂತಿದ್ದೆ. ಚೆನ್ನೈನವನು ಏನೋ ಕೈಸನ್ನೆ ಮಾಡಿದ, ಗಾಜು ಏರಿಸಿದ್ದರಿಂದ ಕೇಳಲಿಲ್ಲ. ವೆಂಕಟ್ ಮೇಲೆ ಹತ್ತಿ ಬಂದು ಬಾಗಿಲು ತೆಗೆದ. ಇಳಿ ಅಣ್ಣ ಎಂದ. ನಾನು ಇಳಿಯಲಿಲ್ಲ.

"ಇದು ನಂಗೆ ಬೇಕು ಕಣೋ."

ಏನು ಎಂದ. ಕಾರು ಎಂದೆ. ಮೊದಲಿನಿಂದಲೂ ನನಗೆ ಇದೇ ಬೇಕಿತ್ತು, ನೀನು ಎತ್ತಬಾರದು ಎಂದೇ ಎಲ್ಲವನ್ನೂ ಆ ಕಡೆ ಇಟ್ಟೆ, ಜಮೀನೆಲ್ಲ ತೆಗೆದುಕೋ, ಇವರನ್ನು ಕಳಿಸಿಬಿಡು ಎಂದೆ. ಮಾತು ಒಂದರ ಮೇಲೊಂದು ಬಿದ್ದು ಬಂತು. ಕೆಳಗೆ ಸರಳಾ ನಿಂತಿದ್ದಾಳೆ ಎಂಬುದೂ ಮರೆತುಹೋಯಿತು.

ವೆಂಕಟನ ಮುಖ ನೋಡಲು ನನಗೆ ಭಯವಾಯಿತು.

"ಚೈತನ್ಯಂಗೆ ಅಂತ ನಾನು ಬಿಟ್ಟಿದ್ದನ್ನ, ನೀನು ಕಾರಿಗೆ ಅಂತ ಬಿಟ್ಟಿದ್ಯಾ ಅಣ್ಣ? ಸಮವಾಗಿ ಭಾಗ ಮಾಡಿ, ಕಾರು ನಂಗಿರ್ಲಿ ಕಣೋ ಅಂತ ಒಂದು ಮಾತು ಅಂದಿದ್ರೆ ಕೈಯೆತ್ತಿ ಕೊಡ್ತಿದ್ದೆ. ಈಗ ಕೊಡಲ್ಲ. ಕೊಟ್ರೆ ಆ ಮಗೂಗೆ ಏನೂ ಉಳಿಯಲ್ಲ. ಇಳಿ."

ಇಳಿದೆ. ಅವನು ಕೈ ಕೊಟ್ಟು ಇಳಿಸಿದ.

ಬೈಕಿನಲ್ಲಿ ಮನೆಗೆ ಬರುವವರೆಗೂ ಸರಳಾ ನನ್ನ ಹೆಗಲು ಬಿಟ್ಟು ಹಿಂದಿನ ಕಂಬಿ ಹಿಡಿದು ಕೂತಳು. ಬೈದರೆ ಸಾಕಿತ್ತು ಎನಿಸಿತು. ಸಂಜೆ ಕಾಫಿ ತಂದಿಟ್ಟು, ವೆಂಕಟ್‌ಗೆ ಬೋರ್‌ವೆಲ್ ಜಮೀನು ಬರೆದುಕೊಡಿ, ತೋಪು ಹೊಲ ಚೈತನ್ಯಳಿಗೆ ಸಾಕು ಎಂದಳು. ಆಯಿತು ಎಂದೆ. ನಾಳೆ ಬೆಳಿಗ್ಗೆಯೇ ಹೋಗಿ ಗುರುತು ಹಾಕಿ ಬರುತ್ತೇನೆ. ಅವನು ತೆಗೆದುಕೊಳ್ಳುತ್ತಾನೋ ಇಲ್ಲವೋ ಗೊತ್ತಿಲ್ಲ, ಕಾಲು ಹಿಡಿದಾದರೂ ಒಪ್ಪಿಸಬೇಕು.

ಬೆಳಿಗ್ಗೆ ಲಾರಿ ತೋಪಿನ ಹತ್ತಿರ ತಿರುಗುವವರೆಗೂ ನಾನು ಕಾರಿನ ಹಿಂದಿನ ದೀಪಗಳನ್ನೇ ನೋಡುತ್ತಿದ್ದೆ. ಈಗ ಬರೆಯುವಾಗ ನೆನಪಿಗೆ ಬರುತ್ತಿದೆ, ಪಕ್ಕದಲ್ಲಿ ವೆಂಕಟ್ ಹೆಗಲ ಟವೆಲಿಗೆ ಮುಖ ಒತ್ತಿಕೊಂಡು ಅಳುತ್ತಿದ್ದ. ನಾನು ಅವನ ಕಡೆ ತಿರುಗಲೇ ಇಲ್ಲ.